ಕಾನ್ಪುರದ ಹೊಸ ಗುರುಕುಲ

ಉತ್ತರ ಭಾರತದ ಯಾತ್ರೆಗೆ ಹೊರಡುವ ನಮ್ಮ ಕಡೆಯ ಕುಟುಂಬಗಳು ಕಾಶಿ, ಪ್ರಯಾಗ, ಅಯೋಧ್ಯೆ, ಆಗ್ರಾಗಳನ್ನು ನೋಡಿಕೊಂಡು ಹಿಂದಿರುಗುವುದು ವಾಡಿಕೆ. ಇವುಗಳ ನಡುವೆಯೇ ಇರುವ ಕಾನ್ಪುರದಲ್ಲಿ ಇಳಿಯುವವರು ವಿರಳ. ಲಖನೌ ಕಡೆಯಿಂದ ಬರುವ ರೈಲು ಗಂಗೆಯ ಸೇತುವೆಯನ್ನು ದಾಟುವಾಗ ಕಿಟಕಿಯಿಂದ ಒಂದು ನಾಣ್ಯವನ್ನು ನೀರಿಗೆಸೆದು ಕೈಮುಗಿದರೆ ಆ ಊರಿನ ಋಣ ತೀರಿತೆಂದು ಬಹುಮಂದಿ ಭಾವಿಸುತ್ತಾರೆ.

ಇದಕ್ಕೆ ಕಾರಣವಿಲ್ಲದಿಲ್ಲ. ಕಾನ್ಪುರವು ಯಾತ್ರಿಕರಿಗಾಗಿ ಬೆಳೆದ ನಗರವಲ್ಲ, ದುಡಿಮೆಗಾಗಿ ಬೆಳೆದದ್ದು. ಲಾಲ್ ಇಮ್ಲಿ ಉಣ್ಣೆಯ ಗಿರಣಿ, ಎಲ್ಗಿನ್ ಹತ್ತಿಯ ಗಿರಣಿ ಮೊದಲಾದವುಗಳಿಂದ ಇದಕ್ಕೆ ಒಂದು ಕಾಲಕ್ಕೆ 'ಪೂರ್ವದ ಮ್ಯಾಂಚೆಸ್ಟರ್' ಎಂಬ ಹೆಸರಿದ್ದಿತು. ಆ ಗಿರಣಿಗಳ ಸದ್ದು ಅಡಗಿ ವರ್ಷಗಳೇ ಕಳೆದಿವೆ. ಜಾಜ್‌ಮವ್ ಎಂಬ ಭಾಗದಲ್ಲಿ ಚರ್ಮ ಹದಮಾಡುವ ಕೆಲಸ ಇಂದಿಗೂ ನಡೆದಿದೆ. ಅಲ್ಲಿ ಸಂಪತ್ತೂ ಹರಿಯುತ್ತದೆ, ಗಂಗೆಗೆ ಮಲಿನವೂ ಹರಿಯುತ್ತದೆ. ಊರಿನಾಚೆ ನದೀತೀರದಲ್ಲಿ ಬಿಠೂರು ಇದೆ. ವಾಲ್ಮೀಕಿಯ ಆಶ್ರಮ ಅಲ್ಲಿಯೇ ಇದ್ದಿತು, ಲವಕುಶರು ಹುಟ್ಟಿದ್ದು ಅಲ್ಲಿಯೇ ಎಂಬುದು ಜನರ ನಂಬಿಕೆ. 1857ರ ಸಂಗ್ರಾಮದ ನಾನಾಸಾಹೇಬನ ನೆಲೆಯೂ ಅದೇ.

ಆದರೆ ಈ ಲೇಖನದ ಗುರಿ ಬಿಠೂರಲ್ಲ, ಗಿರಣಿಯೂ ಅಲ್ಲ. ಹಳೆಯ ಗ್ರ್ಯಾಂಡ್ ಟ್ರಂಕ್ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಕಲ್ಯಾಣಪುರ ಎಂಬ ಸ್ಥಳ ಸಿಗುತ್ತದೆ. 2021ರ ಡಿಸೆಂಬರಿನಲ್ಲಿ ಸಂಚಾರವಾರಂಭಿಸಿದ ಮೆಟ್ರೋ ರೈಲು ಈಗ ಆ ದಾರಿಯನ್ನು ಸುಲಭಗೊಳಿಸಿದೆ. ಅದರ ಕೊನೆಯ ನಿಲ್ದಾಣದ ಹೆಸರೇ ಐ.ಐ.ಟಿ. ಅಲ್ಲಿ ಇಳಿದರೆ ಎದುರಿಗಿರುವುದೇ ಸಾವಿರ ಎಕರೆಗೂ ಮಿಕ್ಕಿದ ವಿಸ್ತಾರದ ಭಾರತೀಯ ತಂತ್ರಜ್ಞಾನ ಸಂಸ್ಥೆ.

ನಗರದ ಧೂಳು, ಗದ್ದಲಗಳನ್ನು ದಾಟಿ ಒಳಹೊಕ್ಕವರಿಗೆ ಬೇರೊಂದು ಲೋಕಕ್ಕೆ ಬಂದಂತಾಗುತ್ತದೆ. ವಾಸ್ತುಶಿಲ್ಪಿ ಅಚ್ಯುತ ಕಾನ್ವಿಂದೆಯವರು ಇಲ್ಲಿನ ಕಟ್ಟಡಗಳನ್ನು ಸುಣ್ಣಬಣ್ಣಗಳಿಲ್ಲದೆ, ಇಟ್ಟಿಗೆ ಕಾಂಕ್ರೀಟುಗಳ ಸಹಜ ರೂಪದಲ್ಲಿಯೇ ನಿಲ್ಲಿಸಿದ್ದಾರೆ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಉದ್ದನೆಯ ಮೇಲ್ಚಾವಣಿಯ ದಾರಿಗಳಿವೆ. ಜ್ಯೇಷ್ಠಮಾಸದಲ್ಲಿ 'ಲೂ' ಎಂಬ ಬಿಸಿಗಾಳಿ ಬೀಸುವ ಆ ಸೀಮೆಯಲ್ಲಿ ನೆರಳಿನ ದಾರಿಯ ಬೆಲೆ ಎಷ್ಟೆಂಬುದನ್ನು ಅಲ್ಲಿ ಬೇಸಗೆ ಕಳೆದವರೇ ಬಲ್ಲರು. ಹುಲ್ಲುಹಾಸಿನ ಮೇಲೆ ನವಿಲುಗಳು ಅಂಜಿಕೆಯಿಲ್ಲದೆ ಅಡ್ಡಾಡುತ್ತವೆ.

ಸಂಸ್ಥೆ ಹುಟ್ಟಿದ್ದು ಮಾತ್ರ ಈ ವೈಭವದಲ್ಲಿ ಅಲ್ಲ. 1959ರಲ್ಲಿ ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಕ್ಯಾಂಟೀನು ಕಟ್ಟಡದಲ್ಲಿ ಇದು ಕಣ್ದೆರೆಯಿತು. ಮೊದಲ ನಿರ್ದೇಶಕರಾಗಿ ಬಂದವರು ಪಿ. ಕೆ. ಕೇಳ್ಕರ್. ಇವರು ಅದಕ್ಕೆ ಮುಂಚೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಧ್ಯಾಪಕರಾಗಿದ್ದವರು. ಇಂದು ಕಾನ್ಪುರದ ಗ್ರಂಥಾಲಯಕ್ಕೆ ಅವರ ಹೆಸರನ್ನೇ ಇಟ್ಟಿದ್ದಾರೆ.

ಆ ಕಾಲದಲ್ಲಿ ಹೊಸ ತಂತ್ರಜ್ಞಾನ ಸಂಸ್ಥೆಗಳಿಗೆ ಒಂದೊಂದು ದೇಶ ಹೆಗಲು ಕೊಡುತ್ತಿದ್ದಿತು. ಮುಂಬಯಿಗೆ ಸೋವಿಯತ್ ಒಕ್ಕೂಟ, ಮದ್ರಾಸಿಗೆ ಪಶ್ಚಿಮ ಜರ್ಮನಿ, ದಿಲ್ಲಿಗೆ ಬ್ರಿಟನ್. ಕಾನ್ಪುರದ ಪಾಲಿಗೆ ಬಂದದ್ದು ಅಮೆರಿಕ. ಅಲ್ಲಿಯ ಒಂದೇ ವಿಶ್ವವಿದ್ಯಾಲಯವಲ್ಲ, ಒಂಬತ್ತು ವಿದ್ಯಾಸಂಸ್ಥೆಗಳು ಜೊತೆಗೂಡಿದುವು: ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ, ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆ, ಪ್ರಿನ್ಸ್‌ಟನ್, ಪರ್ಡ್ಯೂ, ಕಾರ್ನೆಗಿ, ಕೇಸ್, ಮಿಶಿಗನ್, ಓಹಾಯೋ ಸ್ಟೇಟ್ ಮತ್ತು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಆಗ ದಿಲ್ಲಿಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಅರ್ಥಶಾಸ್ತ್ರಜ್ಞ ಗಾಲ್‌ಬ್ರೇತ್ ಇದಕ್ಕೆ ಒತ್ತಾಸೆಯಾಗಿ ನಿಂತರು. 1962ರಿಂದ 1972ರವರೆಗೆ ಹತ್ತು ವರ್ಷ ಈ ಸಹಕಾರ ನಡೆಯಿತು. ಅಲ್ಲಿಯ ಪ್ರಾಧ್ಯಾಪಕರು ಕುಟುಂಬಸಮೇತ ಬಂದು ಕಲ್ಯಾಣಪುರದಲ್ಲಿ ಬೀಡುಬಿಟ್ಟರು. ಇಲ್ಲಿಯ ಅಧ್ಯಾಪಕರು ಅಲ್ಲಿಗೆ ಹೋಗಿ ತರಬೇತಿ ಪಡೆದು ಬಂದರು.

1963ರ ಆಗಸ್ಟ್ ತಿಂಗಳಿನಲ್ಲಿ ಐ.ಬಿ.ಎಂ. 1620 ಎಂಬ ಗಣಕಯಂತ್ರ ಕಾನ್ಪುರಕ್ಕೆ ಬಂದಿತು. ಭಾರತಕ್ಕೆ ಬಂದ ಮೊದಲ ಗಣಕ ಇದಲ್ಲ. ಕಲ್ಕತ್ತೆಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ಅದಕ್ಕೆ ಮೊದಲೇ ಗಣಕಗಳಿದ್ದುವು. ಮುಂಬಯಿಯ ಟಾಟಾ ಸಂಸ್ಥೆಯವರು ಸ್ವತಃ ಒಂದನ್ನು ಕಟ್ಟಿದ್ದರು. ಆದರೆ ಅವು ಸಂಶೋಧಕರ ಸಾಧನಗಳು. ತರಗತಿಯ ಹುಡುಗರೇ ಬಂದು ಕಲಿಯಬೇಕೆಂಬ ಉದ್ದೇಶದಿಂದ ಗಣಕದ ಬಾಗಿಲನ್ನು ವಿಶಾಲವಾಗಿ ತೆರೆದ ಕೀರ್ತಿ ಕಾನ್ಪುರದ್ದು.

ಆ ಯಂತ್ರದ ಒಂದು ಗುಣವನ್ನು ಹೇಳಿದರೆ ವಾಚಕರಿಗೆ ವಿನೋದವಾದೀತು. ಗುಣಾಕಾರ ಮಾಡುವುದಕ್ಕೆ ಅದರೊಳಗೆ ಬೇರೆ ಏರ್ಪಾಡು ಇರಲಿಲ್ಲ. ನಮ್ಮ ಪ್ರಾಥಮಿಕ ಶಾಲೆಯ ಮಕ್ಕಳಂತೆ ಅದೂ ಮಗ್ಗಿಯನ್ನು ನೆನಪಿನಲ್ಲಿಟ್ಟುಕೊಂಡು, ಬೇಕಾದಾಗ ಅದರಲ್ಲಿ ಹುಡುಕಿ ಉತ್ತರ ಹೇಳುತ್ತಿದ್ದಿತು! ಯಾವನಾದರೂ ವಿದ್ಯಾರ್ಥಿ ಎಚ್ಚರ ತಪ್ಪಿ ನೆನಪಿನ ಆ ಭಾಗದ ಮೇಲೆ ಬೇರೇನನ್ನೋ ಬರೆದನೋ, ಯಂತ್ರ ಮಗ್ಗಿಯನ್ನು ಮರೆತು ತಪ್ಪು ಲೆಕ್ಕವನ್ನೇ ಧೈರ್ಯವಾಗಿ ಒಪ್ಪಿಸುತ್ತಿದ್ದಿತು.

ಯಂತ್ರದ ಜೊತೆ ಬಂದ ಮುಖ್ಯ ಗುರುಗಳು ಬರ್ಕ್ಲಿಯ ಹ್ಯಾರಿ ಹಸ್ಕಿ. ಅಮೆರಿಕದ ಎನಿಯಾಕ್ ಗಣಕದ ಕೆಲಸದಲ್ಲಿ ಭಾಗವಹಿಸಿ, 1947ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲನ್ ಟ್ಯೂರಿಂಗರೊಡನೆ ದುಡಿದಿದ್ದ ಹಿರಿಯರು ಅವರು. ಅಂಥವರು ಕಾನ್ಪುರದ ಹುಡುಗರೆದುರು ನಿಂತು ಪಾಠ ಹೇಳಿದರು. ಅವರ ಪಕ್ಕದಲ್ಲಿ ಇಬ್ಬರು ಭಾರತೀಯರು ನಿಂತಿದ್ದರು. ಒಬ್ಬರು, ಹೆಸರಿನ ಮೊದಲಲ್ಲಿಯೇ ಹಿರೇಮಗಳೂರನ್ನು ಹೊತ್ತ ಎಚ್. ಕೆ. ಕೇಶವನ್, ವಿದ್ಯುತ್ ವಿಭಾಗಕ್ಕೂ ಗಣಕ ಕೇಂದ್ರಕ್ಕೂ ಅವರೇ ಮುಖ್ಯಸ್ಥರು. ಇನ್ನೊಬ್ಬರು, ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ಓದಿ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು ಬಂದಿದ್ದ ವಿ. ರಾಜಾರಾಮನ್.

ಇವರು ಹತ್ತು ದಿನಗಳ ಒಂದು ಶಿಬಿರವನ್ನು ಏರ್ಪಡಿಸಿದರು. ದೇಶದ ನಾನಾ ಮೂಲೆಗಳ ಕಾಲೇಜು ಅಧ್ಯಾಪಕರು, ಪ್ರಯೋಗಾಲಯಗಳ ವಿಜ್ಞಾನಿಗಳು, ಕಾರ್ಖಾನೆಗಳ ಎಂಜಿನಿಯರುಗಳು ಅಲ್ಲಿಗೆ ಬಂದರು. ಫೋರ್ಟ್ರಾನ್ ಭಾಷೆಯಲ್ಲಿ ಆಜ್ಞೆಗಳನ್ನು ಬರೆಯುವುದು, ಎಂಬತ್ತು ಅಂಕಣದ ಕಾರ್ಡುಗಳಲ್ಲಿ ಅವನ್ನು ತೂತುಗಳಾಗಿ ಕೊರೆಯುವುದು, ಕಾರ್ಡಿನ ಕಟ್ಟನ್ನು ಯಂತ್ರಕ್ಕೆ ಉಣಿಸುವುದು, ಬಂದ ತಪ್ಪನ್ನು ಹುಡುಕುವುದು, ಇವೇ ಪಾಠಗಳು. ಒಂದು ಅಲ್ಪವಿರಾಮ ತಪ್ಪಿದರೂ ಮೊದಲಿಗೆ ಹಿಂದಿರುಗಬೇಕು. ಕಾರ್ಡಿನ ಕಟ್ಟು ಕೈಜಾರಿ ಬಿದ್ದರೆ ದಿನವೇ ಹಾಳು. ಆ ತಾಳ್ಮೆಯೇ ನಿಜವಾದ ಶಿಕ್ಷಣವಾಯಿತು. ಕಲಿತು ಹೋದವರು ತಂತಮ್ಮ ಊರುಗಳಲ್ಲಿ ಕಲಿಸುವವರಾದರು. ಪಾಠದ ಟಿಪ್ಪಣಿಗಳು ಬೆಳೆದು ರಾಜಾರಾಮನ್ನರ ಪಠ್ಯಪುಸ್ತಕಗಳಾದುವು. ವಿದೇಶದ ಪುಸ್ತಕಗಳನ್ನು ಕೊಳ್ಳಲಾಗದ ಎಷ್ಟೋ ವಿದ್ಯಾರ್ಥಿಗಳಿಗೆ ಅಗ್ಗದ ಬೆಲೆಯ ಆ ಪುಸ್ತಕಗಳೇ ಗುರುಗಳಾದುವು.

1966ರಲ್ಲಿ ಇನ್ನೂ ದೊಡ್ಡದಾದ ಐ.ಬಿ.ಎಂ. 7044 ಬಂದಿತು. ಅದಾದ ಎರಡು ವರ್ಷಕ್ಕೆ, 1968ರಲ್ಲಿ, ಪಶ್ಚಿಮ ಜರ್ಮನಿಯ ಗಾರ್ಮಿಷ್ ಎಂಬ ಬೆಟ್ಟದೂರಿನಲ್ಲಿ ಪಂಡಿತರು ಸಭೆ ಸೇರಿ 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಹೆಸರನ್ನು ಜಗತ್ತಿಗೆ ಪರಿಚಯಿಸಿದರು. ಯಂತ್ರಗಳು ದೊಡ್ಡವಾದಂತೆ ಆಜ್ಞಾವಳಿಗಳೂ ಒಬ್ಬನ ಬುದ್ಧಿಗೆ ನಿಲುಕದಷ್ಟು ಬೆಳೆದುವು. ಸೇತುವೆ ಕಟ್ಟುವವರಂತೆ ಯೋಜನೆ, ಅಳತೆ, ಪರೀಕ್ಷೆ, ಹೊಣೆಗಾರಿಕೆಗಳಿಂದ ಅವನ್ನು ಕಟ್ಟಬೇಕೆಂಬುದು ಅವರ ಕಾಳಜಿ. ಹತ್ತು ಜನ ಕೂಡಿ ಮಾಡಬೇಕಾದ ಕೆಲಸವನ್ನು ಪುಸ್ತಕ ಓದಿ ಕಲಿಯಲಾಗದು. ಮಾಡುವವರ ಜೊತೆ ಕುಳಿತೇ ಕಲಿಯಬೇಕು. ದೂರದ ವಿದ್ಯಾಪೀಠಗಳ ಸಹವಾಸದಿಂದ ಕಾನ್ಪುರಕ್ಕೆ ಆದ ಲಾಭ ಇದೇ.

ಇದಕ್ಕೊಂದು ನಿದರ್ಶನ ನಮ್ಮವರೇ ಆದ ಎನ್. ಆರ್. ನಾರಾಯಣಮೂರ್ತಿಯವರು. ಮೈಸೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿ ಕಾನ್ಪುರಕ್ಕೆ ಹೋಗಿದ್ದ ಅವರು ಬೇರೊಂದು ವಿಷಯದ ವಿದ್ಯಾರ್ಥಿಯಾಗಿದ್ದರು. 1968ರ ಒಂದು ಭಾನುವಾರದ ಬೆಳಗಿನ ಉಪಾಹಾರದಲ್ಲಿ, ಅಮೆರಿಕದ ವಿಶ್ವವಿದ್ಯಾಲಯದಿಂದ ಬಂದಿದ್ದ ಗಣಕವಿಜ್ಞಾನಿಯೊಬ್ಬರ ಮಾತು ಕಿವಿಗೆ ಬಿದ್ದಿತು. ಎದ್ದವರು ನೇರವಾಗಿ ಗ್ರಂಥಾಲಯಕ್ಕೆ ಹೋಗಿ, ಆ ಅತಿಥಿ ಸೂಚಿಸಿದ್ದ ಪ್ರಬಂಧಗಳನ್ನೋದಿ, ಗಣಕವಿಜ್ಞಾನವನ್ನೇ ಕಲಿಯುವುದೆಂದು ನಿಶ್ಚಯಿಸಿ ಹೊರಬಂದರಂತೆ. ಇದನ್ನು ಅವರೇ ಹಲವು ಸಭೆಗಳಲ್ಲಿ ಹೇಳಿಕೊಂಡಿದ್ದಾರೆ. 1981ರಲ್ಲಿ ಅವರು ಗೆಳೆಯರೊಡನೆ ಇನ್ಫೋಸಿಸ್ ಸ್ಥಾಪಿಸಿದ ಕಥೆ ಎಲ್ಲರಿಗೂ ಗೊತ್ತು.

ಹಾಗಾದರೆ ಎಲ್ಲವೂ ಸಿಹಿಯೇ? ಅಲ್ಲವೆಂದು ಹೇಳಬೇಕಾಗುತ್ತದೆ. ಬಡ ದೇಶದ ಹಣದಿಂದ ಓದಿದ ಹುಡುಗರು ವಿಮಾನ ಹತ್ತಿ ಹೋದರೆ ಯಾರಿಗೆ ಲಾಭ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಕಾನ್ಪುರದಲ್ಲಿ 1965ರಲ್ಲಿ ಪದವಿ ಪಡೆದ ಅಭಯ್ ಭೂಷಣ್ ಅಮೆರಿಕಕ್ಕೆ ಹೋಗಿ, ಗಣಕದಿಂದ ಗಣಕಕ್ಕೆ ಕಡತಗಳನ್ನು ಸಾಗಿಸುವ ನಿಯಮಾವಳಿಯನ್ನು 1971ರಲ್ಲಿ ಬರೆದರು. ಜಗತ್ತಿಗೆ ಅದು ಕೊಡುಗೆ. ಆದರೆ ಮಗನನ್ನು ಕಳುಹಿಸಿಕೊಟ್ಟು ಪತ್ರದ ದಾರಿ ಕಾಯುತ್ತ ಕುಳಿತ ತಂದೆತಾಯಿಗಳ ಲೆಕ್ಕವೇ ಬೇರೆ. ಈ ಮನೆಮಾತು ಉತ್ತರದವರಿಗೆ ಮಾತ್ರವಲ್ಲ, ಬಸವನಗುಡಿ, ಮಲ್ಲೇಶ್ವರಗಳ ಮನೆಗಳಿಗೂ ಹೊಸದಲ್ಲ.

ರಾಜಕೀಯದ ನೆರಳೂ ಬೀಳದೆ ಇರಲಿಲ್ಲ. 1971ರ ಬಾಂಗ್ಲಾ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಬಂಗಾಳಕೊಲ್ಲಿಯ ಕಡೆ ಬಂದುದನ್ನು ನೆನೆದರೆ, ಆಗ ಎರಡು ದೇಶಗಳ ಮನಸ್ಸು ಎಷ್ಟು ಕಹಿಯಾಗಿದ್ದಿತೆಂಬುದು ತಿಳಿಯುತ್ತದೆ. ಮರುವರ್ಷ ಸಹಕಾರದ ಅವಧಿ ಮುಗಿಯಿತು. ಅತಿಥಿಗಳು ಗಂಟುಮೂಟೆ ಕಟ್ಟಿದರು. ಹೊರಗಿನವರು ಬಂದು ಹಚ್ಚಿದ ದೀಪ ಅವರು ಹೋದ ಮೇಲೆ ಉಳಿದೀತೇ ಎಂಬುದೇ ಆಗಿನ ಪ್ರಶ್ನೆ.

ದೀಪ ಉಳಿಯಿತು. 1978ರಲ್ಲಿ ಗಣಕವಿಜ್ಞಾನದ ಬಿ.ಟೆಕ್. ಪದವಿಯ ಶಿಕ್ಷಣ ಅಲ್ಲಿ ಪ್ರಾರಂಭವಾಯಿತು. ಇಂಥ ವಿದ್ಯೆಯುಳ್ಳವರು ದೇಶಕ್ಕೆ ಎಷ್ಟು ಬೇಕೆಂದು ವಿಚಾರಿಸಿದ ಸಮಿತಿಗೆ ರಾಜಾರಾಮನ್ನರೇ ಅಧ್ಯಕ್ಷರಾದರು. ಎಂ.ಸಿ.ಎ. ಎಂದು ಇಂದು ಊರೂರಿನ ಕಾಲೇಜುಗಳಲ್ಲಿ ನಡೆಯುವ ಶಿಕ್ಷಣ ಆ ಸಮಿತಿಯ ಸಲಹೆಯ ಫಲ. 1982ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಮಂದಿರಕ್ಕೆ ಬಂದು ಇಲ್ಲಿಯೂ ಶಿಷ್ಯರನ್ನು ಬೆಳೆಸಿದರು.

ಇದೆಲ್ಲಕ್ಕಿಂತ ನಮಗೆ ಹತ್ತಿರವಾದ ಇನ್ನೊಂದು ಕೆಲಸವಿದೆ. 1970ರ ದಶಕದಲ್ಲಿ ಕಾನ್ಪುರದ ಆರ್. ಎಂ. ಕೆ. ಸಿನ್ಹಾ ಮತ್ತು ಅವರ ಸಂಗಡಿಗರು, ಇಂಗ್ಲಿಷ್ ಮಾತ್ರ ಬಲ್ಲ ಗಣಕಕ್ಕೆ ನಮ್ಮ ಲಿಪಿಗಳನ್ನು ಕಲಿಸುವುದು ಹೇಗೆ ಎಂದು ಯೋಚಿಸತೊಡಗಿದರು. ಬ್ರಾಹ್ಮಿಯಿಂದ ಹುಟ್ಟಿದ ಎಲ್ಲ ಲಿಪಿಗಳಿಗೂ ವರ್ಣಮಾಲೆಯ ಕ್ರಮ ಒಂದೇ ಎಂಬುದು ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಸಂಗತಿ. ಆ ಕ್ರಮವನ್ನೇ ಹಿಡಿದು ಎಲ್ಲ ಭಾಷೆಗಳಿಗೂ ಒಂದೇ ಕೀಲಿಮಣೆ, ಒಂದೇ ಸಂಕೇತಮಾಲೆ ಸಾಧ್ಯವೆಂಬುದನ್ನು ಅವರು ತೋರಿಸಿದರು. ಅವರ ಸಂಗಡಿಗ ಮೋಹನ ತಾಂಬೆಯವರು ಆ ವಿದ್ಯೆಯನ್ನು ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿಸಿದರು. ಅದರಿಂದ ಬಂದ ಸಂಕೇತಮಾಲೆ 1991ರಲ್ಲಿ ರಾಷ್ಟ್ರದ ಮಾನಕವಾಯಿತು; ಅದರ 1988ರ ರೂಪವನ್ನೇ ಆಧಾರವಾಗಿಟ್ಟುಕೊಂಡು ಜಾಗತಿಕ ಯೂನಿಕೋಡಿನಲ್ಲಿ ನಮ್ಮ ಲಿಪಿಗಳಿಗೆ ಸ್ಥಾನ ಕಲ್ಪಿಸಿದರು. ಕೀಲಿಮಣೆಯ ವಿಷಯದಲ್ಲಿ ಕನ್ನಡಿಗರು ಹೆಚ್ಚಾಗಿ ಒಪ್ಪಿಕೊಂಡದ್ದು ಕೆ. ಪಿ. ರಾವ್ ಅವರ ವಿನ್ಯಾಸವನ್ನು. ಆದರೆ ಅದರಲ್ಲಿ ಒತ್ತಿದ 'ಕ' ಅಕ್ಷರವೂ ಇಂದು ಗಣಕದೊಳಗೆ ಹೋಗಿ ಕುಳಿತುಕೊಳ್ಳುವುದು ಆ ಸಂಕೇತಮಾಲೆಯ ಕ್ರಮದಲ್ಲಿಯೇ.

ಮುಂದಿನ ಬಾರಿ ಕಾಶೀಯಾತ್ರೆಗೆ ಹೊರಡುವವರು ಕಾನ್ಪುರಕ್ಕಾಗಿ ಒಂದು ದಿನವನ್ನು ಮೀಸಲಿಡಬಹುದು. ಕಾರ್ತಿಕದಿಂದ ಮಾಘದವರೆಗೆ ಹವೆ ಹಿತವಾಗಿರುತ್ತದೆ, ಸ್ವೆಟರು ಮರೆಯಬಾರದು. ಬೆಳಿಗ್ಗೆ ಬಿಠೂರಿನ ಘಟ್ಟದಲ್ಲಿ ಗಂಗೆಯನ್ನು ಕಂಡು, ಮಧ್ಯಾಹ್ನ ಕಲ್ಯಾಣಪುರದ ಕಡೆಗೆ ಬರಬಹುದು. ಕಾಲೇಜು ಓದುವ ಮಕ್ಕಳು ಜೊತೆಗಿದ್ದರೆ ಮತ್ತೂ ಒಳ್ಳೆಯದು. ಮಗ್ಗಿ ಹೇಳುತ್ತಿದ್ದ ಯಂತ್ರದ ಕಥೆಯನ್ನು ಆ ಊರಿನಲ್ಲಿಯೇ ಕೇಳಿದರೆ ಅವರಿಗೆ ಹೆಚ್ಚು ದಿನ ನೆನಪಿನಲ್ಲಿ ಉಳಿದೀತು.