ಮೊಸಳೆಯ ಬೆನ್ನು, ಮಂಗನ ಬಾಲ

ಇಂಗ್ಲೆಂಡಿನ ಹಳೆಯ ಪಿಂಗಾಣಿ ತಟ್ಟೆಗಳ ಚಿತ್ರ ನೋಡಿದಾಗಿನಿಂದ ನನಗೆ ಹೊಟ್ಟೆಕಿಚ್ಚು. 1750ರ ದಶಕದಲ್ಲಿ ಚೆಲ್ಸಿ ಕಾರ್ಖಾನೆಯ ತಟ್ಟೆಗಳ ಮೇಲೆ ಓನೀಲ್ ಎಂಬಾತ ಈಸೋಪನ ಪ್ರಾಣಿಗಳನ್ನೆಲ್ಲ ತಂದು ಕೂರಿಸಿದ. ಮೇಲೆ ಸಾರು ಬಿದ್ದರೆ ನರಿ ಮುಳುಗುತ್ತದೆ; ಉಂಡು ಮುಗಿಸಿದವರಿಗಷ್ಟೇ ಕತೆ. ಆದರೂ ಅವನ ಕೈಯಲ್ಲಿ ಕುಂಚವಿತ್ತು, ಬಾಲ ಬೇಕಾದತ್ತ ಬಳುಕಿತು. ನನ್ನ ಕೈಯಲ್ಲಿರುವುದು ಸೂಜಿ, ತೊಡೆಯ ಮೇಲೆ ಇಳಕಲ್ಲಿನ ಕಪ್ಪು ಸೀರೆ.

ನಮ್ಮ ಕಸೂತಿಯಲ್ಲಿ ಗೋಪುರ, ತೇರು, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಉಂಟು, ಕತೆಯೊಂದೇ ಇಲ್ಲ. ಪಟ್ಟದಕಲ್ಲಿನ ಮಲ್ಲಿಕಾರ್ಜುನ ಗುಡಿಯಲ್ಲಿ ಎಂಟನೆಯ ಶತಮಾನದವರು ಕಲ್ಲಿನಲ್ಲೇ ಪಂಚತಂತ್ರ ಹೇಳಿರುವಾಗ ನೂಲಿಗೇನು ಧಾಡಿ? ತೋಪುತೆನೆ ಸೆರಗಿನ ಪಕ್ಕದಲ್ಲೇ ಮಂಗ–ಮೊಸಳೆ ಶುರು ಮಾಡಿದೆ.

ಮೊಸಳೆಯ ಹಲ್ಲಿಗೆ ಅಂಕುಡೊಂಕಿನ ಮುರ್ಗಿ ಹೊಲಿಗೆ ಹೇಳಿಮಾಡಿಸಿದ್ದು. ಕಷ್ಟ ಬೆನ್ನಿನ ಮುಳ್ಳುಗಳದು. ಎರಡೂ ಬದಿ ಒಂದೇ ಥರ ಕಾಣಬೇಕಾದ ಗವಂತಿ ಹೊಲಿಗೆಯಲ್ಲಿ ಒಂದೊಂದು ಮುಳ್ಳೂ ಕುರುಡು ಓಣಿ: ಹೋಗುವಾಗಲೇ ಒಳಹೊಕ್ಕು, ಬಿಟ್ಟ ಹೊಲಿಗೆ ತುಂಬುತ್ತ ಹೊರಬಂದು ಮುಂದೆ ಸಾಗಬೇಕು. ಮರೆತರೆ ವಾಪಸು ಬರುವಾಗ ಇನ್ನೊಂದು ಅವಕಾಶ. ಅದೂ ತಪ್ಪಿತೋ, ಹಿಂದುಗಡೆ ದಾರ ಅಡ್ಡ ಹಾಯ್ದು ಗುಟ್ಟು ರಟ್ಟು. ಅದಕ್ಕೇ ನಾನು ಬಾಲದ ತುದಿಯಿಂದ ಹೊರಡುತ್ತೇನೆ, ಮೂತಿಯಿಂದ ಅಲ್ಲ. ದಾರಿಯೆಲ್ಲ ಮೊದಲೇ ತಲೆಯಲ್ಲಿ ನಡೆದಿರಬೇಕು. ಮಂಗನ ಬಾಲವಂತೂ ಬಳುಕಲಾರದೆ ಮೆಟ್ಟಿಲಾಗಿದೆ. ಚೆನ್ನಾಗಿಯೇ ಇದೆ.

ಇಷ್ಟು ಪಾಡು ಯಾಕ್ರೀ, ಕಾರ್ಬನ್ ಇಟ್ಟು ಚಿತ್ರ ಇಳಿಸಿಕೊಳ್ಳಬಾರದಾ ಎನ್ನುವವರಿದ್ದಾರೆ. ಇವರು ಎಳೆ ಎಣಿಸುವುದಿಲ್ಲ, ಗೆರೆ ಸಿಕ್ಕಲ್ಲಿ ಚುಚ್ಚುತ್ತಾರೆ, ಅದಕ್ಕೂ ಕಸೂತಿ ಎಂದೇ ಹೆಸರು. ಹಿಂದುಗಡೆ ತೋರಿಸ್ರಿ ಅಂದರೆ ಮುಖ ಗಂಟು ಹಾಕುತ್ತಾರೆ, ತೋರಿಸಿದರೆ ಅಲ್ಲೂ ಗಂಟು. ಒಬ್ಬಾಕೆ ನನಗೇ ತಿರುಗಿ ಹೇಳಿದಳು: ಚೆಲ್ಸಿಯವರೂ ಬಾರ್ಲೋನ ಈಸೋಪ ಪುಸ್ತಕದ ಚಿತ್ರ ನೋಡಿಯೇ ಬರೆದದ್ದು! ಹೌದಮ್ಮಾ, ನೋಡಿ ಬರೆದರು. ಕಣ್ಣಿನಿಂದ ಕೈಗೆ ಇಳಿಯುವಷ್ಟರಲ್ಲಿ ನರಿ ಅವರದೇ ಆಯಿತು. ನಿನ್ನ ನವಿಲು ಯಾರದು? ಊರೂರಿನ ಮೇಳಗಳಲ್ಲಿ ಅದೇ ನವಿಲು, ಅದೇ ಕತ್ತು, ನನ್ನದರಷ್ಟೇ ಬೆಲೆ. ಕೊಳ್ಳುವವರು ಸೀರೆ ತಿರುವಿಯೂ ನೋಡುವುದಿಲ್ಲ. ಮೈ ಉರಿಯುತ್ತದೆ.

ಇರಲಿ. ಈಗಿನ ಚಿಂತೆ ಮರದ್ದು. ಗುಂಡಿಗೆ ಮರದಲ್ಲೇ ಬಿಟ್ಟು ಬಂದೆ ಎಂದು ಮಂಗ ಹೇಳಿತಲ್ಲ, ಕೊಂಬೆಗೊಂದು ಗುಂಡಿಗೆ ಹೊಲಿದು ತೂಗುಹಾಕಲೇ? ಹಾಕಿದರೆ ನೋಡುವವರೂ ಮೊಸಳೆಯಷ್ಟೇ ದಡ್ಡರಾದಂತೆ. ನೇರಳೆ ಹಣ್ಣೇ ಸಾಕೆಂದು ಮೆಂತೆ ಹೊಲಿಗೆ ಹಾಕುತ್ತಿದ್ದೇನೆ. ಅದು ಹಿಂದುಗಡೆ ಗವಂತಿಯಷ್ಟು ಚೊಕ್ಕವಾಗಿ ಬಾರದು. ಕಾರ್ಬನ್‌ನವರು ಈ ಸೀರೆ ತಿರುವಿದರೆ ಮೊದಲು ಬೆರಳಿಡುವುದು ಅಲ್ಲೇ.