ಮೂರನೇ ಜ್ವರ

ಶಿಡ್ಲಘಟ್ಟದ ನಮ್ಮ ಮನೆಯಲ್ಲಿ ಹುಳು ಜ್ವರಕ್ಕೆ ಕೂತರೆ ಆ ಕೋಣೆಯ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಜ್ವರವೆಂದರೆ ಕಾಯಿಲೆಯಲ್ಲ, ರೇಷ್ಮೆಹುಳು ಪೊರೆ ಬಿಡುವ ಹೊತ್ತು. ಗೂಡು ಕಟ್ಟುವ ಮೊದಲು ನಾಲ್ಕು ಸಲ ಬರುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ, ಮುಟ್ಟುವಂತಿಲ್ಲ. ಚಿಕ್ಕಂದಿನಲ್ಲಿ ಟಾರ್ಚು ಹಿಡಿದು ಹೋಗಿ, ಒಂದು ಹುಳುವನ್ನು ಬೆರಳಲ್ಲಿ ಅಲುಗಿಸಿ ನೋಡಿ ಅಮ್ಮನಿಂದ ಏಟು ತಿಂದಿದ್ದೆ.

ಅದು ಮತ್ತೆ ನೆನಪಾದದ್ದು ಕಳೆದ ಮಾರ್ಚಿನಲ್ಲಿ, ಬೆಂಗಳೂರಿನ ಲ್ಯಾಬಿನಲ್ಲಿ.

ನನ್ನ ಸಂಶೋಧನೆ ಎಸ್‌ಎಪಿ ಹಾನಾ ಎಂಬ ಡೇಟಾಬೇಸಿನ ಮೇಲೆ. ಇದು ಮಾಹಿತಿಯನ್ನು ಡಿಸ್ಕಿನಿಂದ ಹೆಕ್ಕಿ ತರುತ್ತಾ ಕೂರುವುದಿಲ್ಲ, ರ‍್ಯಾಮಿನಲ್ಲೇ ಇಟ್ಟುಕೊಂಡಿರುತ್ತದೆ. ಜಾಗ ಸಾಲದಾದಾಗ ಬಹಳ ಹೊತ್ತು ಬಳಸದ ಕಾಲಮ್ಮುಗಳನ್ನು ಇಳಿಸಿಬಿಡುತ್ತದೆ. ಯಾವುದನ್ನು, ಯಾವಾಗ ಇಳಿಸಿತು ಎಂಬುದನ್ನು ಅದನ್ನೇ ಕೇಳಬಹುದು. ಡೇಟಾಬೇಸು ತನ್ನ ವಿವರವನ್ನೂ ಟೇಬಲ್ಲುಗಳಲ್ಲೇ ಇಡಬೇಕು, ಉಳಿದ ಮಾಹಿತಿಯನ್ನು ಕೇಳುವ ಭಾಷೆಯಲ್ಲೇ ಅದನ್ನೂ ಕೇಳುವಂತಿರಬೇಕು ಎಂದು ಎಡ್ಗರ್ ಕಾಡ್ 1985ರಲ್ಲೇ ನಿಯಮ ಬರೆದಿದ್ದ. ಹಾನಾದಲ್ಲಿ ಇಂಥ ಟೇಬಲ್ಲುಗಳ ಹೆಸರು 'ಎಂ' ಅಕ್ಷರದಿಂದ ಶುರುವಾಗುತ್ತದೆ. ಹೆಸರಿಗೆ ಟೇಬಲ್ಲು ಅಷ್ಟೆ; ಹೆಚ್ಚಿನವುಗಳಲ್ಲಿ ಏನೂ ಬರೆದಿಟ್ಟಿರುವುದಿಲ್ಲ. ನಾವು ಕೇಳಿದಾಗಲೇ ಒಳಗೆಲ್ಲ ಸುತ್ತಾಡಿ, ಲೆಕ್ಕ ಕೂಡಿಸಿ ತಂದುಕೊಡುತ್ತದೆ.

ನಾನು ಸೆಕೆಂಡಿಗೊಮ್ಮೆ ಕೇಳುತ್ತಿದ್ದೆ. ಪ್ರತಿ ಕಾಲಮ್ಮಿನ ತೂಕ, ಸೆಕೆಂಡಿಗೊಮ್ಮೆ, ಮೂರು ತಿಂಗಳು. ಗ್ರಾಫುಗಳು ಎಷ್ಟು ಚೆನ್ನಾಗಿ ಬಂದಿದ್ದವೆಂದರೆ ಒಂದನ್ನು ಮೊಬೈಲಿನ ವಾಲ್‌ಪೇಪರ್ ಮಾಡಿಕೊಂಡಿದ್ದೆ!

ಒಂದು ರಾತ್ರಿ ಎಂ_ಎಸ್‌ಕ್ಯೂಎಲ್_ಪ್ಲ್ಯಾನ್_ಕ್ಯಾಶ್ ತೆರೆದೆ. ಯಾವ ಪ್ರಶ್ನೆಗೆ ಒಟ್ಟು ಎಷ್ಟು ಸಮಯ ಹೋಯಿತೆಂದು ಅದು ಹೇಳುತ್ತದೆ. ಹೆಚ್ಚಿನದು ಮೇಲೆ ಬರುವಂತೆ ಜೋಡಿಸಿದೆ. ಮೊದಲ ಸಾಲಿನಲ್ಲಿದ್ದದ್ದು ನನ್ನದೇ ಪ್ರಶ್ನೆ. ಸರ್ವರು ಏದುಸಿರು ಬಿಡುತ್ತಿದ್ದುದು ನಾನು ಕೊಟ್ಟ ಕೆಲಸಕ್ಕಲ್ಲ, ನಾನು ಇಣುಕುತ್ತಿದ್ದುದಕ್ಕೆ. ಪ್ರಬಂಧದ ನಾಲ್ಕನೇ ಅಧ್ಯಾಯ ಪೂರ್ತಿ ಆ ಅಂಕಿಗಳ ಮೇಲೆಯೇ ನಿಂತಿತ್ತು.

ಮುಚ್ಚಿಡಬಹುದಿತ್ತು, ಯಾರೂ ಹುಡುಕುತ್ತಿರಲಿಲ್ಲ. ಎರಡು ದಿನ ಹಾಗೆಯೇ ಅಂದುಕೊಂಡೆ ಕೂಡ. ಮೂರನೇ ದಿನ ಗೈಡಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿ, "ಮತ್ತೆ ಮಾಡಮ್ಮ" ಎಂದರು, ಅಷ್ಟೆ. ಫೆಲೋಶಿಪ್ಪು ಮುಗಿಯಲು ಐದು ತಿಂಗಳಿತ್ತು.

ಈಗ ಪ್ರತಿ ಪ್ರಯೋಗವನ್ನು ಎರಡು ಸಲ ಮಾಡುತ್ತೇನೆ. ಒಂದು ಸಲ ನಿಮಿಷಕ್ಕೊಮ್ಮೆ ಕೇಳುತ್ತಾ, ಇನ್ನೊಂದು ಸಲ ಏನೂ ಕೇಳದೆ ಬರೀ ಮುಗಿದ ಹೊತ್ತು ಗುರುತಿಸಿಕೊಂಡು. ಎರಡರ ನಡುವಿನ ವ್ಯತ್ಯಾಸ ನನ್ನ ಕಣ್ಣಿನ ಭಾರ.

ಆ ಶನಿವಾರ ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಊರಿಗೆ ಹೋದೆ. ಅಮ್ಮನಿಗೆ ಎಲ್ಲ ಹೇಳಿದೆ. "ಆವಾಗ್ಲೂ ಹಂಗೇ ಕಣೇ ನೀನು, ಟಾರ್ಚು ಬಿಟ್ಕೊಂಡು" ಅಂದಳು, ಚಹಾ ಸೋಸುತ್ತಾ.

ಹುಳುಗಳು ಮೂರನೇ ಜ್ವರದಲ್ಲಿದ್ದವು. ಬಾಗಿಲ ಹತ್ತಿರ ಸ್ವಲ್ಪ ಹೊತ್ತು ನಿಂತು, ಒಳಗೆ ಹೋಗದೆ ಬಂದೆ.