ಬೆಳಗಲಿಯಿಂದ ಎಲ್ಲಮ್ಮನ ಗುಡ್ಡಕ್ಕೆ

ಮುಧೋಳ ತಾಲೂಕಿನ ಬೆಳಗಲಿಯು ಕವಿಚಕ್ರವರ್ತಿಯ ಹೆಸರನ್ನು ಮುಂದಿಟ್ಟುಕೊಂಡು ರನ್ನ ಬೆಳಗಲಿ ಎನಿಸಿಕೊಂಡಿರುವುದು ವಾಚಕರಿಗೆ ತಿಳಿದ ವಿಷಯವೇ. ಬಳೆಗಾರರ ಕುಲದಲ್ಲಿ ಜನಿಸಿ, ವಿದ್ಯೆಯನ್ನರಸಿ ಗಂಗರ ನಾಡಿನವರೆಗೂ ಹೋಗಿ, 993ರಲ್ಲಿ ಅಜಿತಪುರಾಣವನ್ನು ಮುಗಿಸಿದ ಆ ಮಹಾಕವಿಯ ಸೀಮೆಯಲ್ಲಿ ಈಗ ಕಾವ್ಯಕ್ಕಿಂತ ಕಬ್ಬಿನ ಮಾತೇ ಹೆಚ್ಚು. ಘಟಪ್ರಭೆಯ ನೀರುಂಡು ಬೆಳೆದ ಕಬ್ಬನ್ನು ಹೇರಿಕೊಂಡು, ಒಂದೊಂದರ ಬೆನ್ನಿಗೆ ಎರಡೆರಡು ಟ್ರೇಲರುಗಳನ್ನು ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಂಗಾಮು ಮುಗಿಯುವ ತನಕ ಹಗಲಿರುಳೂ ಕಾರ್ಖಾನೆಗಳ ಕಡೆಗೆ ಸಾಗುತ್ತಿರುವುವು. ಮಾಘಮಾಸದ ಭಾರತ ಹುಣ್ಣಿಮೆಯು ಸಮೀಪಿಸಲು, ಇದೇ ಟ್ರೇಲರು ಮೂರು ದಿನಗಳ ಮಟ್ಟಿಗೆ ಮನೆಯಾಗಿ ಮಾರ್ಪಟ್ಟು, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವುದು.

ಈ ಮನೆಯನ್ನು ಕಟ್ಟುವ ಬಗೆಯು ನೋಡತಕ್ಕದ್ದು. ಕಬ್ಬಿನ ರವದಿಯನ್ನು ಗುಡಿಸಿ, ತಳಕ್ಕೆ ಜೋಳದ ಸೊಪ್ಪೆಯನ್ನು ಹಾಸಿ, ಅದರ ಮೇಲೆ ಜಮಖಾನೆಯನ್ನು ಹರಡುವರು. ಬಿದಿರಿನ ಗಳಗಳನ್ನು ಬಾಗಿಸಿ ಕಮಾನು ಮಾಡಿ ತಾಡಪಾಲನ್ನು ಹೊದಿಸುವರು. ನೀರಿನ ಕೊಡಗಳು, ಸೌದೆ, ರೊಟ್ಟಿಯ ಬುಟ್ಟಿ, ಹೋಳಿಗೆಗೆ ಬೇಕಾದ ಬೇಳೆಬೆಲ್ಲ, ದೇವಿಯ ಪರಡಿಗಳು ಇವೆಲ್ಲವೂ ತಮ್ಮ ತಮ್ಮ ಸ್ಥಾನವನ್ನು ಸೇರುವುವು. ಹಿಂದಿನವರು ಸವಾರಿ ಬಂಡಿಯಲ್ಲಿ ಮಾಡುತ್ತಿದ್ದುದನ್ನೇ ಈಗಿನವರು ಟ್ರೇಲರಿನಲ್ಲಿ ಮಾಡುವರು.

ಆದರೆ ಭೇದವೊಂದುಂಟು. ಏರಿನಲ್ಲಿ ದಣಿದ ಎತ್ತು ತಾನಾಗಿ ನಿಲ್ಲುವುದು. ಯಂತ್ರಕ್ಕೆ ಆ ವಿವೇಕವಿಲ್ಲ. ಸಂಸ್ಕೃತದಲ್ಲಿ ‘ಧುರಾ’ ಎಂದರೆ ನೊಗ, ಅದನ್ನು ಹೊತ್ತವನೇ ಧುರಂಧರ. ಈ ಯಾತ್ರೆಯ ಧುರಂಧರನು ಟ್ರ್ಯಾಕ್ಟರಿನ ಚಾಲಕನೇ ಸರಿ. ನಮ್ಮ ಪಾಲಿಗೆ ದೊರೆತವನು ನೆರೆಮನೆಯ ತರುಣ ರೈತನು. ಟ್ರೇಲರಿನಲ್ಲಿ ಸಾಮಾನಲ್ಲದೆ ಒಬ್ಬ ಮನುಷ್ಯನನ್ನೂ ಕೂಡಿಸಲಾರೆನೆಂದು ಅವನು ಮೊದಲೇ ಹೇಳಿಬಿಟ್ಟನು. ಸರಕಿನ ವಾಹನದಲ್ಲಿ ಜನರನ್ನು ಒಯ್ಯಲು ಕಾಯಿದೆಯ ಒಪ್ಪಿಗೆಯಿಲ್ಲ. ಮಗುಚಿದ ಟ್ರೇಲರಿನಲ್ಲಿ ಹಿಡಿದುಕೊಳ್ಳಲು ಆಸರೆಯೂ ಇಲ್ಲ.

ಮನೆಯಲ್ಲಿ ದೊಡ್ಡ ಚರ್ಚೆಯೇ ಆಯಿತು. ಎಪ್ಪತ್ತು ದಾಟಿದ ನಮ್ಮ ಅಕ್ಕನವರು, "ಹಿರಿಯರು ಹೋದ ಹಾಗೆಯೇ ಹೋಗಬೇಕು, ಹರಕೆಯೆಂದರೆ ಹರಕೆ" ಎಂದು ಹಟ ಹಿಡಿದರು. ಹಿರಿಯರು ಮಾಡಿದುದೆಲ್ಲವೂ ಧರ್ಮವಾಗಲಾರದು. ಇದೇ ದೇವಿಯ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿದ್ದ ಪದ್ಧತಿಯನ್ನು 1982ರ ಕಾಯಿದೆಯು ನಿಷೇಧಿಸಿತು, ಅದರಿಂದ ದೇವಿಯ ಮಹಿಮೆಗೇನೂ ಕುಂದು ಬರಲಿಲ್ಲವೆಂದು ನಾವು ವಿನಯದಿಂದ ಅರಿಕೆ ಮಾಡಿದೆವು. ಅಕ್ಕನವರು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, "ಹಾಗಾದರೆ ಪರಡಿಯು ನನ್ನ ತೊಡೆಯ ಮೇಲಿರಲಿ" ಎಂದರು. ಹೀಗೆ ಸಾಮಾನು ಟ್ರೇಲರಿನಲ್ಲಿಯೂ, ಕುಟುಂಬವು ಬಾಡಿಗೆಯ ಜೀಪಿನಲ್ಲಿಯೂ ಹೊರಟಿತು.

ಮುಧೋಳ, ಲೋಕಾಪುರ, ಯರಗಟ್ಟಿಗಳ ಮೇಲೆ ಹಾಯ್ದು ಸವದತ್ತಿಯನ್ನು ಸೇರುವ ಈ ದಾರಿಯು ನೂರು ಕಿಲೋಮೀಟರಿಗೆ ಹೆಚ್ಚುಕಡಮೆಯಾಗಿದೆ. ಬಯಲುದಾರಿಯಲ್ಲಿ ಹೇಳತಕ್ಕ ವಿಶೇಷವಿಲ್ಲ. ಸವದತ್ತಿಯು ಹಿಂದೆ ಸುಗಂಧವರ್ತಿಯೆನಿಸಿ ರಟ್ಟರ ರಾಜಧಾನಿಯಾಗಿತ್ತು. ಯಾತ್ರಿಕರು ಮೊದಲು ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಆಮೇಲೆ ಗುಡ್ಡವನ್ನು ಹತ್ತುವುದು ರೂಢಿ. ರೇಣುಕೆಯು ಮರಳಿನಿಂದ ಕೊಡವನ್ನು ಮಾಡಿ, ಸರ್ಪವನ್ನು ಸಿಂಬೆಯಾಗಿಸಿ, ಮಲಪ್ರಭೆಯ ನೀರನ್ನು ತರುತ್ತಿದ್ದಳೆಂಬ ಕಥೆಯನ್ನು ಮಕ್ಕಳು ಇಲ್ಲಿಯೇ ಕೇಳಬೇಕು. ‘ರೇಣು’ ಎಂದರೆ ಧೂಳಿ. ಮುಂದಿನ ಬಂಡಿಗಳು ಎಬ್ಬಿಸಿದ ಧೂಳಿಯಲ್ಲಿ ಮಿಂದ ನಮಗೆ ಆ ನಾಮದ ಅರ್ಥವನ್ನು ಬೇರೆ ವಿವರಿಸಬೇಕಾಗಿರಲಿಲ್ಲ.

ಗುಡ್ಡದ ಬುಡದಲ್ಲಿ ಚಾಲಕನು ಯಂತ್ರವನ್ನು ನಿಲ್ಲಿಸಿ, ಕೊಂಡಿಯ ಗೂಟವನ್ನೂ ಸರಪಳಿಯನ್ನೂ ಪರೀಕ್ಷಿಸಿದನು. ಹೊಲದಲ್ಲಿ ತಿರುಗುವಾಗ ಅನುಕೂಲವಾಗಲೆಂದು ಟ್ರ್ಯಾಕ್ಟರಿನ ಎಡಬಲದ ಬ್ರೇಕುಗಳು ಬೇರೆ ಬೇರೆಯಾಗಿರುವುವು. ರಸ್ತೆಯಲ್ಲಿ ಒಂದನ್ನೇ ಮೆಟ್ಟಿದರೆ ವಾಹನವು ಪಕ್ಕಕ್ಕೆ ತಿರುಗಿಬಿಡುವುದು. ಆದಕಾರಣ ಅವೆರಡನ್ನೂ ಅಗುಳಿಯಿಂದ ಜೋಡಿಸಿದನು. ನೀರಿನ ಕೊಡಗಳನ್ನು ಹಿಂದೆಮುಂದೆ ಸಮನಾಗಿ ಹಂಚಿಡಿಸಿದನು. ಭಾರವೆಲ್ಲವೂ ಕೊಂಡಿಯ ಮೇಲೆ ಬಿದ್ದರೆ ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಹಗುರಾಗಿ, ಚುಕ್ಕಾಣಿಯು ಮಾತು ಕೇಳದು. ಬಳಿಕ ಕೆಳಗಿನ ಗೇರನ್ನು ಹಾಕಿ ನಿಧಾನವಾಗಿ ಹತ್ತತೊಡಗಿದನು. ಅವನ ಅಪ್ಪಣೆಯಂತೆ ಇಬ್ಬರು ತರುಣರು ಗಾಲಿಗೆ ಒಡ್ಡುವ ಕಲ್ಲುಗಳನ್ನು ಹಿಡಿದು ಪಕ್ಕದಲ್ಲಿ ಸ್ವಲ್ಪ ದೂರವಾಗಿ ನಡೆದರು. ಹಿಂದುಗಡೆ ಯಾರನ್ನೂ ಬರಗೊಡಲಿಲ್ಲ.

ತಿರುವಿನ ಸಮೀಪದಲ್ಲಿ ಮುಂದಿದ್ದ ವಾಹನವೊಂದು ತಟ್ಟನೆ ನಿಂತಿತು. ನಮ್ಮ ಟ್ರ್ಯಾಕ್ಟರೂ ನಿಲ್ಲಬೇಕಾಯಿತು. ಬ್ರೇಕಿಲ್ಲದ ಟ್ರೇಲರು ತನ್ನ ಭಾರದಿಂದ ಯಂತ್ರವನ್ನೇ ಹಿಂದಕ್ಕೆ ಸೆಳೆಯಿತು; ಒಂದು ಮೊಳ, ಎರಡು ಮೊಳ. ತರುಣರು ಗಾಲಿಗಳ ಹಿಂದೆ ಕಲ್ಲುಗಳನ್ನು ನೂಕಿದರು. ಕರ್ರೆಂಬ ಸದ್ದಿನೊಡನೆ ಅದು ನಿಂತಿತು. ಒಂದು ಕೊಡವುರುಳಿ ನೀರೆಲ್ಲ ಹರಿದುಹೋಯಿತು. ಕೊಡವಿದ್ದ ಎಡೆಯಲ್ಲಿ ಮಕ್ಕಳಿರುತ್ತಿದ್ದರೆ ಎಂದು ನಮ್ಮೆಲ್ಲರಿಗೂ ಒಮ್ಮೆಗೇ ತೋರಿತು. ಅಕ್ಕನವರು ಜೀಪಿನಿಂದಿಳಿದು ಬಂದು, ಆ ಚಾಲಕನ ಹಣೆಗೆ ತಮ್ಮ ಕೈಯಾರೆ ಭಂಡಾರವನ್ನು ಹಚ್ಚಿದರು.

ಆ ರಾತ್ರಿ ಗುಡ್ಡದ ಮೇಲಿನ ಶೋಭೆಯನ್ನು ಎಷ್ಟು ಹೇಳಿದರೂ ತೀರದು. ತಿಂಗಳ ಬೆಳಕಿನಲ್ಲಿ ಕಣ್ಣು ಹಾಯುವ ತನಕ ಬಂಡಿಗಳು, ಟ್ರೇಲರುಗಳು, ಮೂರು ಕಲ್ಲಿನ ಒಲೆಗಳು, ಅರಿಸಿನದಿಂದ ಹಳದಿಯಾದ ನೆಲ, ಚೌಡಿಕೆಯ ನಾದ, ದಿಕ್ಕುದಿಕ್ಕಿನಿಂದ ‘ಉಧೋ ಉಧೋ’ ಎಂಬ ಘೋಷ. ಹೆಂಗಸರು ಕಡುಬು ಹೋಳಿಗೆಗಳನ್ನು ಬೇಯಿಸಿ ಪರಡಿಗಳನ್ನು ತುಂಬಿದರು. ಗುರುತಿಲ್ಲದ ನೆರೆಯ ಬಿಡಾರದವರು ಬದನೆಕಾಯಿಯ ಪಲ್ಯವನ್ನು ಕೊಟ್ಟು ನಮ್ಮ ಹೋಳಿಗೆಯನ್ನು ಕೊಂಡುಹೋದರು; ಉರುಳಿದ ಕೊಡಕ್ಕೆ ಪ್ರತಿಯಾಗಿ ಒಂದು ಕೊಡ ನೀರನ್ನೂ ಕೊಟ್ಟರು. ಟ್ರೇಲರಿನ ಅಡಿಯಲ್ಲಿ ಮಕ್ಕಳು, ಮೇಲೆ ಹಿರಿಯರು ಮಲಗಿದರು. ಗಾಲಿಗಳಿಗೆ ಒಡ್ಡಿದ ಕಲ್ಲುಗಳನ್ನು ಚಾಲಕನು ಮಲಗುವ ಮುನ್ನ ಮತ್ತೊಮ್ಮೆ ಮುಟ್ಟಿ ನೋಡಿದನು.

ಹೊರಡಲಿರುವ ಗೃಹಸ್ಥರಿಗೆ ಎರಡು ಮಾತು. ಏರುವುದಕ್ಕಿಂತ ಇಳಿಯುವುದೇ ಕಠಿನ. ಹಿಂದಿನ ಭಾರವು ಆಗ ಯಂತ್ರವನ್ನು ಮುಂದಕ್ಕೆ ನೂಕುವುದು. ಇಂಧನ ಉಳಿಸುವ ಆಶೆಯಿಂದ ಗೇರನ್ನು ಬಿಡಿಸಿ ಜಾರಗೊಡುವವನ ಕೈಗೆ ನಿಮ್ಮ ಟ್ರೇಲರನ್ನು ಕೊಡಬೇಡಿರಿ. ಹತ್ತಿದ ಕೆಳಗೇರಿನಲ್ಲಿಯೇ ಇಳಿಯತಕ್ಕದ್ದು. ಮನೆಯವರನ್ನು ಬಸ್ಸಿನಲ್ಲಿಯಾಗಲಿ ಜೀಪಿನಲ್ಲಿಯಾಗಲಿ ಕರೆದೊಯ್ಯಿರಿ. ದೇವಿಯು ಬೇಡುವುದು ತುಂಬಿದ ಪರಡಿಯನ್ನೇ ಹೊರತು, ತುಂಬಿದ ಟ್ರೇಲರನ್ನಲ್ಲ.